ಹಸುವಿನ ಮೈಕೊಬ್ಬು: ಕಟ್ಟುವವರು ಯಾರು, ಕರಗಿಸುವವರು ಯಾರು?



ಬಹಳ ವರ್ಷಗಳ ಹಿಂದಿನ ಮಾತು. ಒಬ್ಬ ಸದಸ್ಯರ ಕೊಟ್ಟಿಗೆಯಲ್ಲಿ ಕರು ಹಾಕಲು ಇನ್ನೊಂದು ತಿಂಗಳಿದ್ದ ಎಚ್.ಎಫ್. ಮಿಶ್ರತಳಿ ಹಸುವೊಂದನ್ನು ನೋಡಿದೆ. ಮೈ ಮಿರಿಮಿರಿ ಹೊಳೆಯುತ್ತಿತ್ತು. ಬೆನ್ನು ಜಗುಲಿಯಂತೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಬಾಲದ ಬುಡದ ಎರಡೂ ಕಡೆ ಇರಬೇಕಾದ ಗುಳಿಗಳು ತುಂಬಿ ಉಬ್ಬಿದ್ದವು. "ಯಜಮಾನ್ರೇ, ಹಸು ಸಾಕಿದರೆ ಹೀಗೆ ಸಾಕಬೇಕು ನೋಡಿ" ಎಂದು ನಾನೇ ಹೊಗಳಿ ಬಂದೆ. ಆ ಹೊಗಳಿಕೆ ಇಂದಿಗೂ ನನ್ನ ಮನಸ್ಸನ್ನು ಕುಟುಕುತ್ತದೆ.

ಹಸು ಸುಸೂತ್ರವಾಗಿ ಕರು ಹಾಕಿತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಯಜಮಾನರೇ ಸಂಘದ ಹತ್ತಿರ ನನ್ನನ್ನು ಹಿಡಿದರು. "ಡಾಕ್ಟ್ರೇ, ಫ್ಯಾಟು ಐದರ ಮೇಲೆ ಬರ್ತಾ ಐತೆ. ಹಿಂದೆ ಯಾವತ್ತೂ ಮೂರೂವರೆ ದಾಟಿರಲಿಲ್ಲ. ಆದ್ರೆ ಹಸ ಹಿಂಡಿ ಬೂಸಾ ಮೂಸೋದೇ ಇಲ್ಲ, ಬರೀ ಒಣಹುಲ್ಲು ಎಳೀತದೆ. ದಿನದಿನಕ್ಕೆ ಸೋಲ್ತಾ ಐತೆ" ಎಂದರು. ಹೋಗಿ ನೋಡಿದಾಗ ಹಸುವಿನ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಮೂತ್ರದ ಪರೀಕ್ಷೆ ಮಾಡಿದರೆ ಕಡು ನೇರಳೆ ಬಣ್ಣ ಬಂತು. ಕೀಟೋಸಿಸ್. ಹಸು ಬದುಕಿಕೊಂಡಿತು, ಆದರೆ ಆ ಸೂಲಿನಲ್ಲಿ ಮತ್ತೆ ಹಾಲು ಹತ್ತಲಿಲ್ಲ, ಬೆದೆಗೂ ಸರಿಯಾಗಿ ಬರಲಿಲ್ಲ. ಸಾಲ ಮಾಡಿ ತಂದ ರಾಸು. ಕಂತು ಕಟ್ಟಲಾಗದೆ ಕೊನೆಗೆ ಸಿಕ್ಕಿದ ಬೆಲೆಗೆ ಮಾರಿದರು.

ಊರಿಗೆಲ್ಲ ಮಾದರಿಯಂತಿದ್ದ ಹಸು ಕರು ಹಾಕಿದ ಎರಡೇ ವಾರಕ್ಕೆ ಏಕೆ ಹೀಗಾಯಿತು? ಉತ್ತರ ಅದರ ಮೈಕೊಬ್ಬಿನಲ್ಲಿದೆ. ಕೊಬ್ಬು ಹೇಗೆ ಹುಟ್ಟುತ್ತದೆ, ಯಾರ ಮಾತು ಕೇಳಿ ಬೆಳೆಯುತ್ತದೆ, ಯಾರ ಮಾತು ಕೇಳಿ ಕರಗುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ವಿಷಯ ಸ್ವಲ್ಪ ಶಾಸ್ತ್ರದ್ದು. ನಿಧಾನವಾಗಿ ಓದಿದರೆ ಕಷ್ಟವೇನಲ್ಲ.

ಕೊಬ್ಬೆಂದರೆ ಗೋಡೆಗೆ ಮೆತ್ತಿದ ಮಣ್ಣಿನಂತೆ ಮೈಗೆ ಮೆತ್ತಿಕೊಂಡ ಜಿಡ್ಡು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಚರ್ಮದ ಕೆಳಗೆ, ಮೂತ್ರಪಿಂಡಗಳ ಸುತ್ತ, ಹೊಟ್ಟೆಯೊಳಗಿನ ಪೊರೆಯಲ್ಲಿ, ಮಾಂಸದ ಎಳೆಗಳ ನಡುವೆ, ಕೆಚ್ಚಲಿನಲ್ಲಿ ಕೂಡ ಕೋಟ್ಯಂತರ ಕೊಬ್ಬಿನ ಕೋಶಗಳಿವೆ. ಒಂದೊಂದು ಕೋಶವೂ ಒಂದು ಪುಟ್ಟ ಚೀಲ. ಅದರ ನಡುವೆ ಒಂದೇ ಒಂದು ದೊಡ್ಡ ಎಣ್ಣೆಯ ಹನಿ. ಕೋಶದ ಉಳಿದ ಭಾಗವೆಲ್ಲ ಆ ಹನಿಯ ಒತ್ತಡಕ್ಕೆ ಅಂಚಿಗೆ ಸರಿದಿರುತ್ತದೆ. ಮೈ ತುಂಬಿದಾಗ ಚೀಲ ಹಿಗ್ಗುತ್ತದೆ, ಸೊರಗಿದಾಗ ಕುಗ್ಗುತ್ತದೆ. ಈ ಚೀಲ ತಾನಾಗಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ರಕ್ತದಲ್ಲಿ ಬರುವ ಆಜ್ಞೆಯನ್ನು ಕೇಳಿ ನಡೆಯುತ್ತದೆ. ಆಜ್ಞೆ ಕೇಳಿಸಿಕೊಳ್ಳಲು ಅದಕ್ಕೆ ಕಿವಿ ಬೇಕು. ಆ ಕಿವಿಗೆ ಶಾಸ್ತ್ರದಲ್ಲಿ 'ಗ್ರಾಹಕ' ಎನ್ನುತ್ತಾರೆ.

ನಮ್ಮ ಒಕ್ಕೂಟದ ಮಾತಿನಲ್ಲಿ ಗ್ರಾಹಕ ಎಂದರೆ ಪೇಟೆಯಲ್ಲಿ ಹಾಲಿನ ಪ್ಯಾಕೆಟ್ ಕೊಳ್ಳುವವರು. ಇಲ್ಲಿ ಆ ಅರ್ಥವಲ್ಲ. ಗ್ರಹಿಸುವುದು, ಹಿಡಿದುಕೊಳ್ಳುವುದು ಎಂಬ ಅರ್ಥದಲ್ಲಿ ಬಂದ ಪದ. ಕೋಶದ ಹೊರಗೋಡೆಯ ಮೇಲೆ ಅಥವಾ ಒಳಗೆ ಇರುವ ಒಂದು ಬಗೆಯ ಪ್ರೋಟೀನು ಅದು. ರಕ್ತದಲ್ಲಿ ತೇಲಿ ಬರುವ ಹಾರ್ಮೋನು ತನ್ನ ಗ್ರಾಹಕಕ್ಕೆ ಬಂದು ಅಂಟಿಕೊಂಡರೆ ಮಾತ್ರ ಕೋಶದೊಳಗೆ ಕೆಲಸ ನಡೆಯುತ್ತದೆ.

ರೇಡಿಯೋ ನೆನಪಿಸಿಕೊಳ್ಳಿ. ಆಕಾಶವಾಣಿಯ ರೈತರ ಕಾರ್ಯಕ್ರಮ ಗಾಳಿಯಲ್ಲಿ ಊರಿನ ಎಲ್ಲ ಮನೆಗಳ ಮೇಲೂ ಹಾದು ಹೋಗುತ್ತದೆ. ಆದರೆ ರೇಡಿಯೋ ಇದ್ದು, ಆ ನಿಲಯಕ್ಕೆ ತಿರುಗಿಸಿಟ್ಟ ಮನೆಯಲ್ಲಿ ಮಾತ್ರ ಅದು ಕೇಳಿಸುತ್ತದೆ. ಹಾರ್ಮೋನು ಕೂಡ ರಕ್ತದ ಜೊತೆ ಇಡೀ ಮೈಯೆಲ್ಲ ಸುತ್ತುತ್ತದೆ. ತಾವು ದಿನವೂ ನೋಡುವ ಉದಾಹರಣೆ ಒಂದಿದೆ. ಕರುವನ್ನು ಬಿಟ್ಟಾಗ ಅಥವಾ ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು ಕೆಚ್ಚಲಿಗೆ ಬರುತ್ತದೆ, ಹಸು ಹಾಲು ಇಳಿಸುತ್ತದೆ. ಅದೇ ಆಕ್ಸಿಟೋಸಿನ್ ಹಸುವಿನ ಕಿವಿಗೂ ಕೊಂಬಿನ ಬುಡಕ್ಕೂ ಹೋಗಿರುತ್ತದೆ. ಅಲ್ಲಿ ಏನೂ ಆಗುವುದಿಲ್ಲ. ಏಕೆಂದರೆ ಆ ಮಾತು ಕೇಳುವ ಗ್ರಾಹಕ ಕೆಚ್ಚಲಿನಲ್ಲಿದೆ, ಕೊಂಬಿನಲ್ಲಿಲ್ಲ.

ಕೊಬ್ಬಿನ ಕೋಶಕ್ಕೆ ಇಂಥ ಕಿವಿಗಳು ಒಂದೆರಡಲ್ಲ, ಹಲವು. ಇದನ್ನು ತಿಳಿಯಲು ನೆರವಾದವರಲ್ಲಿ ಅಮೆರಿಕದ ಮಾರ್ಟಿನ್ ರಾಡ್‌ಬೆಲ್ ಒಬ್ಬರು. ಅವರು 1964ರಲ್ಲಿ ಇಲಿಯ ಕೊಬ್ಬಿನಿಂದ ಕೋಶಗಳನ್ನು ಒಂದೊಂದಾಗಿ ಬಿಡಿಸಿ, ಜೀವಂತವಾಗಿಟ್ಟು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ಅಂಥ ಒಂದೇ ಕೋಶ ಬೇರೆ ಬೇರೆ ಹಾರ್ಮೋನುಗಳ ಮಾತನ್ನು ಬೇರೆ ಬೇರೆ ಗ್ರಾಹಕಗಳ ಮೂಲಕ ಕೇಳುತ್ತದೆ ಎಂಬುದು ಈ ಕೆಲಸದಿಂದ ತಿಳಿಯಿತು. ಮುಂದೆ 1994ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಮೊದಲು ಕೊಬ್ಬಿನ ಕೋಶದ ಹುಟ್ಟನ್ನು ನೋಡೋಣ. ಅದು ಕೊಬ್ಬಿನ ಕೋಶವಾಗಿಯೇ ಹುಟ್ಟುವುದಿಲ್ಲ. ಸಣ್ಣ ರಕ್ತನಾಳಗಳ ಅಂಚಿನಲ್ಲಿ ಇನ್ನೂ ಏನೂ ಆಗಿರದ ಎಳೆಯ ಕೋಶಗಳಿರುತ್ತವೆ. ಶಾಲೆ ಮುಗಿಸಿ ಯಾವ ಕಸುಬಿಗೂ ಸೇರದ ಹುಡುಗರಿದ್ದಂತೆ. ಇವು ಮೂಳೆಯ ಕೋಶವಾಗಬಹುದು, ಮೃದ್ವಸ್ಥಿಯ ಕೋಶವಾಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಯಾವ ದಾರಿ ಹಿಡಿಯಬೇಕು ಎಂಬುದನ್ನು ಅವುಗಳ ಗ್ರಾಹಕಗಳಿಗೆ ಬರುವ ಸಂದೇಶ ತೀರ್ಮಾನಿಸುತ್ತದೆ. 'ವಿಂಟ್' ಎಂಬ ಗುಂಪಿನ ಸಂದೇಶ ಬರುತ್ತಿರುವವರೆಗೆ ಎಳೆಯ ಕೋಶ ಕೊಬ್ಬಿನ ದಾರಿಗೆ ಇಳಿಯುವುದಿಲ್ಲ. ಆ ಸಂದೇಶ ಕಡಿಮೆಯಾಗಿ, ಇನ್ಸುಲಿನ್ ಮೊದಲಾದವುಗಳ ಸಂದೇಶ ಹೆಚ್ಚಾದಾಗ ಅದು ಕೊಬ್ಬಿನ ಕೋಶವಾಗಲು ಸಿದ್ಧವಾಗುತ್ತದೆ. 1974ರಲ್ಲಿ ಹವರ್ಡ್ ಗ್ರೀನ್ ಮತ್ತು ಅವರ ಜೊತೆಗಾರರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳು ಕೊಬ್ಬಿನ ಹನಿ ತುಂಬಿಕೊಳ್ಳುವುದನ್ನು ತೋರಿಸಿದ ಮೇಲೆ ಈ ಬದಲಾವಣೆಯನ್ನು ಹಂತ ಹಂತವಾಗಿ ನೋಡುವುದು ಸಾಧ್ಯವಾಯಿತು.

ಆದರೆ ಕೊನೆಯ ಬಾಗಿಲು ತೆರೆಯುವ ಯಜಮಾನ ಬೇರೊಬ್ಬನಿದ್ದಾನೆ. ಅವನ ಹೆಸರು ಉದ್ದ, ಚಿಕ್ಕದಾಗಿ ಪಿ-ಪಾರ್ ಗ್ಯಾಮಾ ಎನ್ನುತ್ತಾರೆ. ಇದು ಕೋಶದ ಹೊರಗೋಡೆಯಲ್ಲಿಲ್ಲ. ಒಳಗೆ, ವಂಶವಾಹಿಗಳಿರುವ ನಡುಮನೆಯಲ್ಲೇ ಕುಳಿತಿರುವ ಗ್ರಾಹಕ. ಇದು ಕೇಳುವ ಮಾತು ಯಾವುದು ಗೊತ್ತೇ? ಕೊಬ್ಬಿನ ಆಮ್ಲಗಳು ಮತ್ತು ಅವುಗಳಿಂದ ಆಗುವ ಕೆಲವು ವಸ್ತುಗಳು. ಅವು ಬಂದು ಅಂಟಿಕೊಂಡಾಗ ಈ ಗ್ರಾಹಕ ಇನ್ನೊಂದು ಜೊತೆಗಾರ ಗ್ರಾಹಕದೊಡನೆ ಸೇರಿ, ಕೊಬ್ಬು ಕಟ್ಟಲು ಬೇಕಾದ ವಂಶವಾಹಿಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. 1994ರಲ್ಲಿ ಬಾಸ್ಟನ್ನಿನ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ಸಾಮಾನ್ಯ ನಾರುಕೋಶಗಳಿಗೆ ಈ ಒಂದು ಗ್ರಾಹಕವನ್ನು ಹೆಚ್ಚಾಗಿ ಸೇರಿಸಿ, ತಕ್ಕ ಪ್ರಚೋದನೆ ಕೊಟ್ಟಾಗ ಅವು ಕೊಬ್ಬಿನ ಕೋಶಗಳಾಗಿ ಮಾರ್ಪಟ್ಟವು. ಈ ಗ್ರಾಹಕ ಇಲ್ಲದ ಎಳೆಯ ಕೋಶಗಳು ಕೊಬ್ಬಿನ ಕೋಶವಾಗಲಾರವು ಎಂದು 1999ರಲ್ಲಿ ಇಲಿಗಳಲ್ಲಿ ಖಚಿತವಾಯಿತು.

ತಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಪಿಯೋಗ್ಲಿಟಜೋನ್ ಎಂಬ ಮಾತ್ರೆಯ ಹೆಸರು ಕೇಳಿರಬಹುದು. ಆ ಮಾತ್ರೆ ಕೆಲಸ ಮಾಡುವುದು ಇದೇ ಗ್ರಾಹಕದ ಮೂಲಕ. ಸಕ್ಕರೆ ಹತೋಟಿಗೆ ಬರುತ್ತದೆ, ಆದರೆ ಕೆಲವರ ತೂಕ ಏರುತ್ತದೆ. ಕಾರಣ ಈಗ ತಮಗೇ ಹೊಳೆದಿರಬೇಕು.

ಇನ್ನು ಕಟ್ಟಿದ ಕೊಬ್ಬಿನ ಕೋಶವನ್ನು ತುಂಬುವವರು, ಖಾಲಿ ಮಾಡುವವರು. ಇಲ್ಲಿ ಮುಖ್ಯವಾಗಿ ಎರಡು ಕಿವಿಗಳು. ಒಂದು ಇನ್ಸುಲಿನ್ ಕೇಳುವ ಕಿವಿ. "ಕಾಲ ಚೆನ್ನಾಗಿದೆ, ತುಂಬಿಟ್ಟುಕೋ, ಕರಗಿಸಬೇಡ" ಎಂಬುದು ಇನ್ಸುಲಿನ್ನಿನ ಆಜ್ಞೆ. ಇನ್ನೊಂದು ಅಡ್ರಿನಲಿನ್ ಮತ್ತು ಅದರ ಸೋದರ ನಾರ್‌ಅಡ್ರಿನಲಿನ್ ಕೇಳುವ ಕಿವಿ. "ಬರಗಾಲ ಬಂದಿದೆ, ಕಣಜ ತೆಗೆ" ಎಂಬುದು ಇವುಗಳ ಆಜ್ಞೆ. ಅಡ್ರಿನಲಿನ್ನಿನ ಗ್ರಾಹಕ ಮತ್ತು ಅದರ ಬಳಗದ ಗ್ರಾಹಕಗಳು ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಿಕೊಟ್ಟ ಲೆಫ್ಕೊವಿಟ್ಸ್ ಮತ್ತು ಕೊಬಿಲ್ಕಾ ಎಂಬ ವಿಜ್ಞಾನಿಗಳಿಗೆ 2012ರಲ್ಲಿ ನೊಬೆಲ್ ಬಂತು. ಈ ಎರಡು ಆಜ್ಞೆಗಳಲ್ಲಿ ಯಾವುದು ಜೋರಾಗಿ ಕೇಳುತ್ತದೆಯೋ ಕೋಶ ಅದರಂತೆ ನಡೆಯುತ್ತದೆ.

ಈಗ ಕೊಟ್ಟಿಗೆಗೆ ಬನ್ನಿ.

ಮೇಲೆ ಹೇಳಿದ ಯಜಮಾನರ ಹಸು ಹಿಂದಿನ ಸೂಲಿನಲ್ಲಿ ಮೊದಮೊದಲು ದಿನಕ್ಕೆ 15 ಲೀಟರ್ ಕೊಡುತ್ತಿತ್ತು. ಆಗ ಅವರು 7 ಕಿಲೋ ಪಶು ಆಹಾರ ಹಾಕುತ್ತಿದ್ದರು, ಅದು ಸರಿಯೇ. ಗಬ್ಬವಾಗಿ ಏಳನೆಯ ತಿಂಗಳು ಸಮೀಪಿಸುವಾಗ ಹಾಲು 5 ಲೀಟರಿಗೆ ಇಳಿಯಿತು. ಆಹಾರ ಮಾತ್ರ 7 ಕಿಲೋ ಹಾಗೇ ನಡೆಯಿತು. ಜೊತೆಗೆ ಮನೆಯಲ್ಲಿ ಮಿಕ್ಕ ಅನ್ನ, ಜೋಳದ ನುಚ್ಚು. ಪ್ರೀತಿಯಿಂದಲೇ ಹಾಕಿದ್ದು.

ಧಾನ್ಯ, ನುಚ್ಚು, ಪಶು ಆಹಾರ ಮೊದಲ ಹೊಟ್ಟೆಯಲ್ಲಿ ಹುಳಿತಾಗ ಪ್ರೊಪಿಯಾನಿಕ್ ಆಮ್ಲ ಹೆಚ್ಚಾಗಿ ಬರುತ್ತದೆ. ಅದರಿಂದ ಪಿತ್ತಜನಕಾಂಗ ಗ್ಲೂಕೋಸ್ ತಯಾರಿಸುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಮೇವಿನ ನಾರಿನಿಂದ ಬರುವ ಅಸಿಟಿಕ್ ಆಮ್ಲ ಕೊಬ್ಬು ತಯಾರಿಸಲು ಕಚ್ಚಾ ಮಾಲು. ಹಾಲು ಜೋರಾಗಿದ್ದಾಗ ಇದನ್ನೆಲ್ಲ ಕೆಚ್ಚಲು ಎಳೆದುಕೊಂಡು ಹಾಲಿಗೆ ಹಾಕುತ್ತದೆ. ಹಾಲು ಇಳಿದಾಗ ಕೆಚ್ಚಲಿನ ಬೇಡಿಕೆ ಇಲ್ಲ, ಕೊಬ್ಬಿನ ಕೋಶದ ಇನ್ಸುಲಿನ್ ಕಿವಿ ಚುರುಕಾಗಿರುತ್ತದೆ. ಬಂದದ್ದೆಲ್ಲ ಅಲ್ಲಿಗೇ ಜಮೆ. ತುಂಬುತ್ತಾ ಹೋದಂತೆ ಪಿ-ಪಾರ್ ಗ್ಯಾಮಾಗೂ ಅದರ ಮಾತು ಸಿಗುತ್ತಿರುತ್ತದೆ. ಇರುವ ಕೋಶಗಳು ಹಿಗ್ಗುತ್ತವೆ, ಎಳೆಯ ಕೋಶಗಳು ಹೊಸದಾಗಿ ಕೊಬ್ಬಿನ ಕೋಶಗಳಾಗಬಲ್ಲವು. ಹೀಗೆ ಬೆನ್ನು ಜಗುಲಿಯಾಯಿತು.

ಕರು ಹಾಕುವ ಹೊತ್ತಿಗೆ ಹಸುವಿನ ಮೈಯಲ್ಲಿ ದೊಡ್ಡ ಬದಲಾವಣೆ ನಡೆಯುತ್ತದೆ. ಅಮೆರಿಕದ ಡೇಲ್ ಬೌಮನ್ ಮತ್ತು ಬ್ರೂಸ್ ಕರಿ 1980ರಲ್ಲಿ ಇದನ್ನು ವಿವರವಾಗಿ ಬರೆದರು. ಇಡೀ ದೇಹ ತನ್ನ ವಹಿವಾಟನ್ನು ಹಾಲಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಪಿತ್ತಜನಕಾಂಗದಲ್ಲಿ ಬೆಳವಣಿಗೆಯ ಹಾರ್ಮೋನು ಕೇಳುವ ಗ್ರಾಹಕಗಳು ಕಡಿಮೆಯಾಗುತ್ತವೆ, ಅದರಿಂದ ರಕ್ತದಲ್ಲಿ ಆ ಹಾರ್ಮೋನು ಇನ್ನೂ ಏರುತ್ತದೆ. ಇನ್ಸುಲಿನ್ ಇಳಿಯುತ್ತದೆ. ಇಳಿದದ್ದಲ್ಲದೆ ಕೊಬ್ಬಿನ ಕೋಶದ ಇನ್ಸುಲಿನ್ ಕಿವಿ ಮಂದವಾಗುತ್ತದೆ, ಅಡ್ರಿನಲಿನ್ ಕಿವಿ ಚುರುಕಾಗುತ್ತದೆ. ಕಣಜದ ಬಾಯಿ ತೆರೆಯುತ್ತದೆ. ಇತ್ತ ಕೆಚ್ಚಲು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಗ್ಲೂಕೋಸ್ ಎತ್ತಿಕೊಳ್ಳುತ್ತದೆ. 1 ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. 15 ಲೀಟರ್ ಹಾಲೆಂದರೆ ದಿನಕ್ಕೆ 1 ಕಿಲೋಗೂ ಮೇಲೆ. ಹಸು ಆಗ ತಿನ್ನುವ ಮೇವಿನಿಂದ ಇಷ್ಟು ಹುಟ್ಟುವುದು ಕಷ್ಟ.

ಇದು ರೋಗವಲ್ಲ, ನೆನಪಿಡಿ. ಕರುವಿಗೆ ಹಾಲು ಕೊಡಲೆಂದು ಪ್ರಕೃತಿ ಮಾಡಿದ ಏರ್ಪಾಡು. ಒಳ್ಳೆಯ ಹಸು ಕರು ಹಾಕಿದ ಮೇಲೆ ಸ್ವಲ್ಪ ಇಳಿಯುವುದು ಸಹಜ. ತೊಂದರೆ ಇರುವುದು ಕಣಜ ಅತಿಯಾಗಿ ತುಂಬಿದ್ದಾಗ. ಅತಿ ಹಿಗ್ಗಿದ ಕೊಬ್ಬಿನ ಕೋಶ ಇನ್ಸುಲಿನ್ನಿನ ಮಾತನ್ನು ಇನ್ನೂ ಕಡಿಮೆ ಕೇಳುತ್ತದೆ, ಕರಗುವುದು ಶುರುವಾದರೆ ಕಟ್ಟೆ ಒಡೆದಂತೆ ಹರಿಯುತ್ತದೆ. ಇದರ ಜೊತೆಗೆ ಇನ್ನೊಂದು ಪೆಟ್ಟು ಇದೆ. ಕೊಬ್ಬಿನ ಕೋಶವೂ ಒಂದು ಹಾರ್ಮೋನು ಕಳಿಸುತ್ತದೆ. ಅದರ ಹೆಸರು ಲೆಪ್ಟಿನ್, 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆ ಮಾಡಿದ್ದು. ಮಿದುಳಿನ ಗ್ರಾಹಕಕ್ಕೆ ಅದು ಹೇಳುವ ಮಾತು "ಕಣಜ ತುಂಬಿದೆ, ಮೇವು ಸಾಕು" ಎಂದು. ಕಾರಣಗಳು ಇನ್ನೂ ಇರಬಹುದು, ಆದರೆ ಕೊಬ್ಬಿದ ಹಸು ಕರು ಹಾಕುವ ಆಸುಪಾಸಿನಲ್ಲಿ ಬೇರೆ ಹಸುಗಳಿಗಿಂತ ಕಡಿಮೆ ಮೇಯುತ್ತದೆ ಎಂಬುದನ್ನು ಕೊಟ್ಟಿಗೆಯಲ್ಲಿ ಯಾರೂ ನೋಡಬಹುದು. ಅತಿ ಹೆಚ್ಚು ತಿನ್ನಬೇಕಾದ ದಿನಗಳಲ್ಲೇ ಅದು ಮುಸುಡಿ ತಿರುಗಿಸುತ್ತದೆ.

ಕರಗಿದ ಕೊಬ್ಬೆಲ್ಲ ರಕ್ತದಲ್ಲಿ ಪಿತ್ತಜನಕಾಂಗಕ್ಕೆ ಬಂದು ಬೀಳುತ್ತದೆ. ಹಸುವಿನ ಪಿತ್ತಜನಕಾಂಗಕ್ಕೆ ಕೊಬ್ಬನ್ನು ಮತ್ತೆ ಹೊರಗೆ ಕಳಿಸುವ ಶಕ್ತಿ ಕಡಿಮೆ. ಒಂದಿಷ್ಟು ಅಲ್ಲೇ ಕಟ್ಟಿಕೊಂಡು ಪಿತ್ತಜನಕಾಂಗ ಹಳದಿಯಾಗಿ ಊದುತ್ತದೆ. ಒಂದಿಷ್ಟು ಅರೆಬರೆ ಉರಿದು ಕೀಟೋನ್ ಆಗುತ್ತದೆ. ಉಸಿರಿನ ಆ ಹಣ್ಣಿನ ವಾಸನೆ ಇದರದೇ. ವಿಚಿತ್ರವೆಂದರೆ ಇಲ್ಲಿಯೂ ಪ್ರಕೃತಿ ಒಂದು ತಡೆ ಇಟ್ಟಿದೆ. ಕೊಬ್ಬಿನ ಕೋಶದ ಮೇಲೆ ಕೀಟೋನನ್ನೇ ಕೇಳುವ ಗ್ರಾಹಕವೊಂದಿದೆ. ಕೀಟೋನ್ ಏರಿದಾಗ "ಇನ್ನು ಕರಗಿಸಬೇಡ" ಎಂದು ಅದು ಕೋಶಕ್ಕೆ ತಿಳಿಸುತ್ತದೆ. ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವವೂ ಇದೇ ಗ್ರಾಹಕಕ್ಕೆ ಅಂಟುತ್ತದೆ. ಅದಕ್ಕಾಗಿ ಹಸುಗಳಿಗೆ ನಯಾಸಿನ್ ತಿನ್ನಿಸಿ ನೋಡಿದ್ದಾರೆ, ಫಲ ಒಂದೊಂದು ಕಡೆ ಒಂದೊಂದು ಥರ ಬಂದಿದೆ. ಅದನ್ನು ನಂಬಿ ಹಸುವನ್ನು ಕೊಬ್ಬಿಸಬೇಡಿ.

ಈಗ ಸಂಘದ ಚೀಟಿಯ ವಿಷಯ. ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಮೈಕೊಬ್ಬು ಕರಗಿ ರಕ್ತಕ್ಕೆ ಬಂದಾಗ ಅದರಲ್ಲಿ ಒಂದು ಪಾಲು ನೇರವಾಗಿ ಹಾಲಿಗೆ ಇಳಿಯುತ್ತದೆ. ಹಾಗಾಗಿ ಹಸು ಸೋಲುತ್ತಿರುವಾಗ ಜಿಡ್ಡಿನಂಶ ಏರುತ್ತದೆ. ನಮ್ಮ ಯಜಮಾನರ ಚೀಟಿಯಲ್ಲಿ ಐದರ ಮೇಲೆ ಬಂದದ್ದು ಹಿಂಡಿಯಿಂದಲ್ಲ, ಹಸುವಿನ ಮೈಯಿಂದ. ಅದೇ ಹೊತ್ತಿಗೆ ಮೇವಿನಿಂದ ಶಕ್ತಿ ಸಾಲದೆ ಹಾಲಿನ ಪ್ರೋಟೀನು ಇಳಿಯುತ್ತದೆ, ಅದರೊಂದಿಗೆ ಎಸ್.ಎನ್.ಎಫ್. ಕೂಡ ಇಳಿಯಬಹುದು. ಕರು ಹಾಕಿದ ಮೊದಲ ಒಂದೂವರೆ ತಿಂಗಳಲ್ಲಿ ಫ್ಯಾಟು ಇದ್ದಕ್ಕಿದ್ದಂತೆ ಮೇಲೆ, ಎಸ್.ಎನ್.ಎಫ್. ಕೆಳಗೆ, ಹಿಂಡಿ ಬೇಡ, ಹುಲ್ಲು ಮಾತ್ರ ಬೇಕು ಎಂದಾದರೆ ಅಂದೇ ಪಶುವೈದ್ಯರಿಗೆ ಹೇಳಿ ಕಳಿಸಿ. ಹೋಲಿಸುವಾಗ ಬೆಳಗಿನ ಹಾಲನ್ನು ಬೆಳಗಿನದರ ಜೊತೆಗೇ ಹೋಲಿಸಿ. ಎರಡು ಹಿಂಡುವಿಕೆಗಳ ನಡುವಿನ ಅವಧಿ ಕಡಿಮೆ ಇರುವುದರಿಂದ ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಜಿಡ್ಡು ಹೆಚ್ಚೇ ಇರುತ್ತದೆ. ಗಿಣ್ಣದ ಹಾಲಿನ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ವೈದ್ಯರು ಬಂದು ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಡುತ್ತಾರೆ, ಕುಡಿಸಲು ಪ್ರೊಪಿಲೀನ್ ಗ್ಲೈಕಾಲ್ ಕೊಡುತ್ತಾರೆ. ಅವರು ಬರುವವರೆಗೆ ಬೆಲ್ಲದ ನೀರು ಕುಡಿಸೋಣ ಎಂದು ಅನೇಕರು ಮಾಡುತ್ತಾರೆ. ಮನುಷ್ಯರಿಗಾದರೆ ಸರಿ. ಹಸುವಿಗೆ ಕುಡಿಸಿದ ಬೆಲ್ಲ ಸಕ್ಕರೆಯಾಗಿ ರಕ್ತ ಸೇರುವುದಿಲ್ಲ. ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಮೊದಲೇ ಹುಳಿಸಿಬಿಡುತ್ತವೆ. ಅದರಿಂದ ಬರುವ ಬ್ಯುಟಿರಿಕ್ ಆಮ್ಲ ಮತ್ತಷ್ಟು ಕೀಟೋನ್ ಆಗುತ್ತದೆ. ಬೆಲ್ಲವನ್ನು ಹಬ್ಬಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ಹಸು ಎಷ್ಟು ಮೈ ತುಂಬಿರಬೇಕು? ಇದಕ್ಕೆ ತೂಕದ ಯಂತ್ರ ಬೇಡ, ಕೈ ಸಾಕು. ಪಶುವೈದ್ಯರು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಮೂಳೆ ಚಕ್ಕಳ, 5 ಎಂದರೆ ನಾನು ಹೊಗಳಿ ಬಂದ ಹಸು. ಹಸುವಿನ ಹಿಂದೆ ನಿಂತು ಬಾಲದ ಬುಡದ ಗುಳಿ ನೋಡಿ. ಆಮೇಲೆ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಬೆನ್ನೆಲುಬಿನಿಂದ ಅಡ್ಡಲಾಗಿ ಚಾಚಿದ ಗಿಡ್ಡ ಮೂಳೆಗಳ ಮೇಲೆ ಅಂಗೈ ಇಡಿ. ಒತ್ತದೆಯೇ ಮೂಳೆಗಳ ತುದಿ ಚೂಪಾಗಿ ಚುಚ್ಚಿದರೆ ಹಸು ಸೊರಗಿದೆ, 2ರ ಆಸುಪಾಸು. ಸ್ವಲ್ಪ ಒತ್ತಿದಾಗ ಒಂದೊಂದು ಮೂಳೆಯೂ ತಿಳಿದು, ಬಾಲದ ಬುಡದಲ್ಲಿ ಆಳವಿಲ್ಲದ ಗುಳಿ ಇದ್ದರೆ 3. ಗಟ್ಟಿಯಾಗಿ ಒತ್ತಿದರೂ ಮೂಳೆ ಸಿಗದೆ, ಗುಳಿ ತುಂಬಿ ಕೊಬ್ಬು ಮೆತ್ತಗೆ ಕೈಗೆ ಬಂದರೆ 4 ದಾಟಿದೆ. ಕರು ಹಾಕುವಾಗ 3ರಿಂದ 3.25 ಇರಲಿ, ಹೆಚ್ಚೆಂದರೆ 3.5. ಆಮೇಲೆ ಎರಡು ತಿಂಗಳಲ್ಲಿ ಅರ್ಧ ಅಂಕ ಇಳಿದರೆ ಚಿಂತೆಯಿಲ್ಲ. ಒಂದು ಅಂಕ ಇಳಿದರೆ ಮತ್ತೆ ಗಬ್ಬ ಕಟ್ಟುವುದು ತಡವಾಗುತ್ತದೆ.

ಮೈ ಸರಿಪಡಿಸುವ ಕಾಲ ಯಾವುದು ಎಂಬುದರಲ್ಲಿ ನಮ್ಮವರು ತಪ್ಪುತ್ತಾರೆ. ಬತ್ತಿಸಿದ ಮೇಲೆ ಹಸುವನ್ನು ಉಪವಾಸ ಕೆಡವಿ ಇಳಿಸಲು ಹೋಗಬೇಡಿ. ಹೊಟ್ಟೆಗೆ ಕಡಿಮೆಯಾದ ಕೂಡಲೇ ಕೊಬ್ಬಿನ ಕೋಶಕ್ಕೆ "ಬರಗಾಲ" ಎಂಬ ಮಾತೇ ಕೇಳುತ್ತದೆ, ಕರು ಹಾಕುವ ಮೊದಲೇ ಪಿತ್ತಜನಕಾಂಗಕ್ಕೆ ಕೊಬ್ಬು ಹರಿಯುತ್ತದೆ. ಸರಿಪಡಿಸಬೇಕಾದದ್ದು ಹಾಲು ಇಳಿಮುಖವಾದ ಕೊನೆಯ ಮೂರು ನಾಲ್ಕು ತಿಂಗಳಲ್ಲಿ. ಮೈಗೆಂದು 1.5 ಕಿಲೋ, ಪ್ರತಿ 2.5 ಲೀಟರ್ ಹಾಲಿಗೆ 1 ಕಿಲೋ ಎಂಬ ಲೆಕ್ಕ ತಮಗೆಲ್ಲ ಗೊತ್ತು. 15 ಲೀಟರಿಗೆ 7.5 ಕಿಲೋ ಆದರೆ 5 ಲೀಟರಿಗೆ 3.5 ಕಿಲೋ. ಹಸಿರು ಮೇವು ಹೊಟ್ಟೆ ತುಂಬ ಇದ್ದರೆ ಇದಕ್ಕಿಂತಲೂ ಕಡಿಮೆ ಸಾಕು. ಹಾಲು ಇಳಿದಂತೆ ಅಳತೆಯ ಡಬ್ಬವೂ ಇಳಿಯಬೇಕು. ಸೊರಗಿದ ಹಸುವಿದ್ದರೆ ಇದೇ ತಿಂಗಳುಗಳಲ್ಲಿ ಒಂದು ಕಿಲೋ ಹೆಚ್ಚು ಹಾಕಿ 3ಕ್ಕೆ ತನ್ನಿ. ಗಬ್ಬದ ಕೊನೆಯ ಎರಡು ತಿಂಗಳು ಹೆಚ್ಚುವರಿ ಆಹಾರ ಕೊಡಿ ಎಂದು ನಾವು ಹೇಳುವ ಮಾತು ಸೊರಗಿದ ಮತ್ತು ಸಾಧಾರಣ ಹಸುಗಳಿಗೆ. ಆಗಲೇ 4 ದಾಟಿದ ಹಸುವಿಗೆ ಅದು ಬೇಡ. ಕರು ಹಾಕಿದ ಮೇಲೆ ಆಹಾರವನ್ನು ಒಮ್ಮೆಲೇ ಸುರಿಯದೆ ದಿನಕ್ಕೆ ಅರ್ಧ ಕಿಲೋದಂತೆ ಏರಿಸಿ. ಒಳ್ಳೆಯ ಮೇವು ಗೋದಲಿಯಲ್ಲಿ ಯಾವಾಗಲೂ ಇರಲಿ.

ನಾಟಿ ಹಸು ಸಾಕಿದವರು ಇದೆಲ್ಲ ನಮಗೇಕೆ ಎನ್ನಬಹುದು. ನಿಜ, ಎರಡು ಮೂರು ಲೀಟರ್ ಕೊಡುವ ಹಸುವಿನಲ್ಲಿ ಈ ಕಾಯಿಲೆ ಅಪರೂಪ. ಅದರ ಕೆಚ್ಚಲು ಅಷ್ಟು ಗ್ಲೂಕೋಸ್ ಕೇಳುವುದೇ ಇಲ್ಲ.

ಕಡಸುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಸುಮಾರು 3 ತಿಂಗಳಿಂದ ಮೊದಲ ಬೆದೆ ಬರುವವರೆಗೆ ಕಡಸಿನ ಕೆಚ್ಚಲು ಮೈಗಿಂತ ಬೇಗ ಬೆಳೆಯುತ್ತದೆ. ಕೆಚ್ಚಲಿನಲ್ಲಿ ಮೊದಲೇ ಕೊಬ್ಬಿನ ಮೆತ್ತೆ ಇರುತ್ತದೆ. ಹಾಲಿನ ನಾಳಗಳು ಬೇರಿನಂತೆ ಅದರೊಳಗೆ ಕವಲೊಡೆದು ಹರಡುತ್ತವೆ. ಅವು ಹರಡಲು ಈಸ್ಟ್ರೋಜನ್ ಹಾರ್ಮೋನೂ ಅದನ್ನು ಕೇಳುವ ಗ್ರಾಹಕವೂ ಬೇಕು, ಆ ಕೊಬ್ಬಿನ ಮೆತ್ತೆಯೂ ಬೇಕು. ಆದರೆ ಅತಿಯಾದರೆ? 1960ರಲ್ಲಿ ಅಮೆರಿಕದ ಟೆನ್ನೆಸ್ಸಿಯಲ್ಲಿ ಸ್ವಾನ್ಸನ್ ಎಂಬುವರು ಅವಳಿ ಕಡಸುಗಳ ಜೋಡಿಗಳನ್ನು ತೆಗೆದುಕೊಂಡು, ಒಂದನ್ನು ಕೊಬ್ಬಿಸಿ ಇನ್ನೊಂದನ್ನು ಸಾಧಾರಣವಾಗಿ ಬೆಳೆಸಿ ನೋಡಿದರು. ಕೊಬ್ಬಿದವು ಹಾಲು ಕಡಿಮೆ ಕೊಟ್ಟವು. ಮುಂದಿನ ಸಂಶೋಧಕರು ಇದಕ್ಕೆ ಬೇರೊಂದು ಕಾರಣವನ್ನೂ ಹೇಳಿದ್ದಾರೆ. ಚೆನ್ನಾಗಿ ತಿಂದ ಕಡಸು ಬೇಗ ಬೆದೆಗೆ ಬರುವುದರಿಂದ, ನಾಳಗಳು ಬೇಗ ಬೆಳೆಯುವ ಆ ಕಾಲವೇ ಗಿಡ್ಡವಾಗುತ್ತದೆ ಎಂದು. ಎರಡರಲ್ಲಿ ಯಾವುದಾದರೂ ಇರಲಿ, ನುಚ್ಚು ಗಂಜಿ ಸುರಿದು ಕಡಸನ್ನು ಉಬ್ಬಿಸಬೇಡಿ. ನನ್ನ ಅನುಭವದಲ್ಲಿ ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಕೊಬ್ಬಿದ ಕಡಸಲ್ಲ, ಹುಳು ತುಂಬಿದ ಹೊಟ್ಟೆಯ ಬಡಕಲು ಕಡಸು. ಆದ್ದರಿಂದ ಈ ಮಾತು ಕೇಳಿ ಕಡಸಿನ ಹಿಂಡಿ ನಿಲ್ಲಿಸಿದರೆ ಅದು ನನ್ನ ಪಾಠದ ತಪ್ಪಲ್ಲ.

ಗ್ರಾಹಕದ ಮೂಲಕ ಕೊಬ್ಬನ್ನು ಬೇಕೆಂದೇ ಬೆಳೆಸುವವರೂ ಇದ್ದಾರೆ. ಜಪಾನಿನ ವಾಗ್ಯು ಎಂಬ ದನ ಮಾಂಸಕ್ಕೆ ಹೆಸರುವಾಸಿ. ಮಾಂಸದ ಎಳೆಗಳ ನಡುವೆ ಕೊಬ್ಬು ಹೆಚ್ಚಿದಷ್ಟೂ ಅಲ್ಲಿ ಬೆಲೆ ಹೆಚ್ಚು. 'ಎ' ಜೀವಸತ್ವದಿಂದ ಬರುವ ಒಂದು ಆಮ್ಲ ತನ್ನ ಗ್ರಾಹಕವನ್ನು ಹಿಡಿದಾಗ ಎಳೆಯ ಕೋಶ ಕೊಬ್ಬಿನ ಕೋಶವಾಗುವುದನ್ನು ತಡೆಯುತ್ತದೆ. ಅದಕ್ಕಾಗಿ ಅಲ್ಲಿನವರು ಕೊಬ್ಬಿಸುವ ಕಾಲದಲ್ಲಿ ಕೆಲವು ತಿಂಗಳು 'ಎ' ಜೀವಸತ್ವ ಕಡಿಮೆ ಇರುವ ಮೇವು ಹಾಕುತ್ತಾರೆ. ಅಳತೆ ತಪ್ಪಿದರೆ ದನಕ್ಕೆ ಕಣ್ಣು ಹೋಗುತ್ತದೆ, ಹಾಗಾಗಿ ಅವರೂ ಎಚ್ಚರದಿಂದ ಮಾಡುವ ಕೆಲಸ. ನಮ್ಮದು ಹಾಲಿನ ಹಸು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಣಹುಲ್ಲಿನಲ್ಲೇ ಇರುವ ರಾಸುಗಳಿಗೆ 'ಎ' ಜೀವಸತ್ವ ತಾನಾಗಿಯೇ ಕೊರತೆಯಾಗುತ್ತದೆ. ಒಂದು ಹಿಡಿ ಹಸಿರು ಸಿಕ್ಕರೂ ಗಬ್ಬದ ಹಸುವಿಗೆ ಹಾಕಿ.

ಮೊದಲು ಹೇಳಿದ ಯಜಮಾನರು ಎರಡು ವರ್ಷ ಬಿಟ್ಟು ಮತ್ತೊಂದು ಹಸು ಕಟ್ಟಿದರು. ಈ ಸಲ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ತಿಂಗಳಿಗೊಮ್ಮೆ ಹಸುವಿನ ಸೊಂಟದ ಮೇಲೆ ಕೈಯಿಟ್ಟು ನೋಡಿ, ಮಗಳ ಕೈಯಲ್ಲಿ ಅಂಕ ಬರೆಸುತ್ತಿದ್ದರು. ಒಮ್ಮೆ ನಾನು 3.5 ಎಂದೆ. "ಇಲ್ಲ ಡಾಕ್ಟ್ರೇ, ಮೂರೂಕಾಲು, ಇನ್ನೊಂದ್ಸಲ ಒತ್ತಿ ನೋಡಿ" ಎಂದರು. ಒತ್ತಿ ನೋಡಿದೆ, ಅವರದೇ ಸರಿ. ತಾವೂ ಈ ವಾರ ಕೊಟ್ಟಿಗೆಯ ಹಸುಗಳ ಮೇಲೆ ಕೈಯಿಟ್ಟು ನೋಡಿ, ಗಬ್ಬದ ತಿಂಗಳು ಮತ್ತು ಅಂಕವನ್ನು ಸಂಘದ ಚೀಟಿಯ ಹಿಂದೆ ಬರೆದಿಡಿ. ಮುಂದಿನ ಸಲ ತಮ್ಮ ಊರಿಗೆ ಬಂದಾಗ ಅದನ್ನು ತೋರಿಸಿ. ನಾನೂ ಒತ್ತಿ ನೋಡುತ್ತೇನೆ.